ಗಾಳಿ ಓಡಿಸಿದರೂ ಮರ್ಜಿ ನೀರಿನದು

‘ತಾರಿಣಿ’ ಗೋವಾಕ್ಕೆ ಮರಳಿ ಬಂದಾಗಿನಿಂದ ಓದುಗರ ಪತ್ರಗಳಲ್ಲಿ ಒಂದು ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇದೆ. ನೌಕಾಪಡೆಯ ಇಬ್ಬರು ಅಧಿಕಾರಿಗಳು, ದಿಲ್ನಾ ಕೆ. ಮತ್ತು ರೂಪಾ ಅಳಗಿರಿಸಾಮಿ, 2024ರ ಅಕ್ಟೋಬರ್ 2ರಂದು ಈ ಹಾಯಿದೋಣಿಯಲ್ಲಿ ಹೊರಟು ಭೂಮಿಗೊಂದು ಸುತ್ತು ಹಾಕಿ 2025ರ ಮೇ 29ಕ್ಕೆ ಹಿಂತಿರುಗಿದರು. ಹೆಚ್ಚುಕಡಿಮೆ ಎಂಟು ತಿಂಗಳು. ಅದಕ್ಕೂ ಮೊದಲು, 2017-18ರಲ್ಲಿ, ಇದೇ ದೋಣಿಯಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು 21,600 ನಾಟಿಕಲ್ ಮೈಲು ಸುತ್ತಿ ಬಂದಿದ್ದರು. ಒಟ್ಟು 254 ದಿನ. ಬಂದರುಗಳಲ್ಲಿ ತಂಗಿದ್ದನ್ನು ಕಳೆದರೆ ಕಡಲ ಮೇಲೆ ಇದ್ದದ್ದು 199 ದಿನ. ಭಾಗಿಸಿ ನೋಡಿದರೆ ಸರಾಸರಿ ವೇಗ ನಾಲ್ಕೂವರೆ ನಾಟ್, ಅಂದರೆ ಗಂಟೆಗೆ 8 ಕಿಲೋಮೀಟರ್ ಚಿಲ್ಲರೆ. ದಕ್ಷಿಣ ಸಾಗರದಲ್ಲಿ ಗಾಳಿಗೇನು ಬರವೇ, ಅಷ್ಟು ಗಾಳಿ ಇದ್ದೂ ದೋಣಿ ಇಷ್ಟು ನಿಧಾನ ಯಾಕೆ ಎಂಬುದು ಓದುಗರ ತಕರಾರು. ಕೆಲವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಾಯಿ ಓಡುವುದು ಗಾಳಿಯಿಂದ ತಾನೇ, ಅದರ ಲೆಕ್ಕದಲ್ಲಿ ನೀರಿಗೇನು ಕೆಲಸ ಎಂದೂ ಕೇಳಿದ್ದಾರೆ.

ನೀರಿಗೆ ಬೇಕಾದಷ್ಟು ಕೆಲಸವಿದೆ. ಅದು ಎರಡು ದಾರಿಯಲ್ಲಿ ಲೆಕ್ಕ ಕೆಡಿಸುತ್ತದೆ, ಆ ಎರಡನ್ನೂ ನಾವು ಒಂದೇ ಎಂದುಕೊಂಡು ಗೊಂದಲಕ್ಕೆ ಬೀಳುತ್ತೇವೆ.

ಒಮ್ಮೆ ಸ್ನೇಹಿತರ ಹಾಯಿದೋಣಿಯಲ್ಲಿ ಮಾಂಡೋವಿಯ ಅಳಿವೆಯಿಂದ ಒಳಗೆ ಬರುತ್ತಿದ್ದೆವು. ಮಧ್ಯಾಹ್ನ ಕಳೆದು ಕಡಲಗಾಳಿ ಬೆನ್ನಿಗೆ ಬೀಸುತ್ತಿತ್ತು, ಹಾಯಿ ತುಂಬಿತ್ತು, ಎರಡೂ ಪಕ್ಕದಲ್ಲಿ ನೊರೆ ಚಿಮ್ಮುತ್ತಿತ್ತು. ಆದರೆ ಎಡಗಡೆಯ ಅಗ್ವಾದ ಕೋಟೆ ಎಷ್ಟು ಹೊತ್ತಾದರೂ ಹಿಂದೆ ಸರಿಯಲೊಲ್ಲದು. ಚುಕ್ಕಾಣಿಯ ಮುಂದೆ ಎರಡು ಪುಟ್ಟ ಪರದೆಗಳಿದ್ದವು. ಒಂದರಲ್ಲಿ 5.1, ಇನ್ನೊಂದರಲ್ಲಿ 3.4. ಮೊದಲನೆಯದು ದೋಣಿಯ ಹೊಟ್ಟೆಯಡಿ ತಿರುಗುವ ಹೆಬ್ಬೆರಳು ಗಾತ್ರದ ಚಕ್ರ ಕೊಡುವ ಲೆಕ್ಕ: ನೀರನ್ನು ಸೀಳಿಕೊಂಡು ಹೋಗುತ್ತಿರುವ ವೇಗ. ಎರಡನೆಯದು ಜಿಪಿಎಸ್ ಹೇಳುವುದು: ನೆಲದ ಲೆಕ್ಕದಲ್ಲಿ ಎಷ್ಟು ಮುಂದೆ ಹೋದೆವು ಎಂಬುದು. ನಡುವಿನ 1.7 ನಾಟನ್ನು ತಿಂದು ಹಾಕುತ್ತಿದ್ದದ್ದು ಇಳಿತ. ನದಿಯ ನೀರು, ಉಬ್ಬರದಲ್ಲಿ ಒಳನುಗ್ಗಿದ್ದ ಕಡಲ ನೀರು ಎರಡೂ ಸೇರಿ ಸಮುದ್ರಕ್ಕೆ ಹೊರಟಿದ್ದವು, ನಾವು ಅವಕ್ಕೆ ಎದುರಾಗಿ ಬರುತ್ತಿದ್ದೆವು.

ಹರಿವು ಮುಟ್ಟುವುದು ಈ ಎರಡನೆಯ ಅಂಕಿಯನ್ನು. ಚಾಪೆಯ ಮೇಲೆ ಇರುವೆಯೊಂದು ತನ್ನ ಪಾಡಿಗೆ ನಡೆಯುತ್ತಿದೆ, ಯಾರೋ ಚಾಪೆಯನ್ನೇ ಎಳೆಯುತ್ತಿದ್ದಾರೆ ಎಂದುಕೊಳ್ಳಿ. ಇರುವೆಯ ನಡಿಗೆ ಬದಲಾಗುವುದಿಲ್ಲ, ಅದು ಹೋಗಿ ಮುಟ್ಟುವ ಜಾಗ ಬದಲಾಗುತ್ತದೆ. ಅಲೆ ಹಾಗಲ್ಲ. ಅದು ಕೈ ಹಾಕುವುದು ಮೊದಲನೆಯ ಅಂಕಿಗೇ. ದೋಣಿ ನೀರನ್ನು ಸೀಳುವ ಶಕ್ತಿಯನ್ನೇ ಅದು ಕಸಿಯುತ್ತದೆ, ಅಪರೂಪಕ್ಕೊಮ್ಮೆ ಕೊಡುತ್ತದೆ.

ಹರಿವಿನ ಲೆಕ್ಕ ಬರೀ ಕೂಡುವ ಕಳೆಯುವ ಲೆಕ್ಕ ಎನಿಸುತ್ತದೆ. ಆದರೆ ಹೋಗುವಾಗ ಸಿಕ್ಕಿದ್ದು ಬರುವಾಗ ಹೋಯಿತು, ಸರಿಗೆ ಸರಿ ಎಂದುಕೊಂಡರೆ ಮೋಸ ಹೋಗುತ್ತೇವೆ. 5 ನಾಟ್ ವೇಗದ ದೋಣಿ 2 ನಾಟ್ ಹರಿವಿನೊಂದಿಗೆ 6 ಮೈಲು ಹೋಗಲು 51 ನಿಮಿಷ ಸಾಕು. ಅದೇ ಹರಿವಿಗೆ ಎದುರಾಗಿ ಮರಳಲು 2 ಗಂಟೆ ಬೇಕು. ಒಟ್ಟು 2 ಗಂಟೆ 51 ನಿಮಿಷ. ನಿಂತ ನೀರಿನಲ್ಲಾಗಿದ್ದರೆ ಹೋಗಿಬರಲು 2 ಗಂಟೆ 24 ನಿಮಿಷ ಹಿಡಿಯುತ್ತಿತ್ತು. 27 ನಿಮಿಷ ಎಲ್ಲಿ ಹೋಯಿತು? ಅನುಕೂಲದ ನೀರಿನಲ್ಲಿ ನಾವು ಇದ್ದದ್ದು ಸ್ವಲ್ಪ ಹೊತ್ತು, ಪ್ರತಿಕೂಲದ ನೀರಿನಲ್ಲಿ ತುಂಬ ಹೊತ್ತು. ಅದಕ್ಕೇ ಹಳಬರು ಹಾಯಿ ಬಿಚ್ಚುವ ಮೊದಲು ಉಬ್ಬರ ಇಳಿತದ ಹೊತ್ತು ನೋಡುತ್ತಿದ್ದದ್ದು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ನೀರಿನ ಏರಿಳಿತ 10 ಮೀಟರ್ ತಲುಪುತ್ತದೆ. ಅಲ್ಲಿನ ಹರಿವಿಗೆ ಎದುರಾಗಿ ಹಾಯಿ ಏರಿಸುವುದಕ್ಕಿಂತ ಲಂಗರು ಹಾಕಿ ಊಟ ಮುಗಿಸಿ ಮಲಗುವುದೇ ಜಾಣತನ. ಮಂಗಳೂರಿನಲ್ಲಿ ಏರಿಳಿತ ಒಂದೂವರೆ ಮೀಟರಿನ ಆಸುಪಾಸು ಇರುವುದರಿಂದ ನಮಗೆ ಅದರ ಬಿಸಿ ತಟ್ಟುವುದು ಅಳಿವೆ ಬಾಗಿಲಲ್ಲಿ ಮಾತ್ರ.

ಇದರೊಳಗೆ ಒಂದು ಸೂಕ್ಷ್ಮವಿದೆ, ನನಗೆ ಬಹಳ ಇಷ್ಟವಾದದ್ದು. ಹರಿವು ದೋಣಿಯನ್ನು ಹೊತ್ತೊಯ್ಯುವಾಗ ಹಾಯಿಗೆ ತಾಗುವ ಗಾಳಿಯನ್ನೂ ಬದಲಿಸಿಬಿಡುತ್ತದೆ. ತೆಂಕಣದಿಂದ 6 ನಾಟ್ ಗಾಳಿ ಬೀಸುತ್ತಿದೆ. ನೀರೂ ಗಾಳಿಯ ಜೊತೆಯಲ್ಲೇ ಬಡಗಿಗೆ 2 ನಾಟ್ ಹರಿಯುತ್ತಿದ್ದರೆ, ಸುಮ್ಮನೆ ತೇಲುವ ದೋಣಿಗೆ ತಾಗುವ ಗಾಳಿ 4 ನಾಟ್ ಮಾತ್ರ. ನೀರು ಗಾಳಿಗೆ ಎದುರಾಗಿ ತೆಂಕಿಗೆ ಹರಿದರೆ ಅದೇ ಗಾಳಿ 8 ನಾಟ್ ಆಗಿ ತಾಗುತ್ತದೆ. ಹಾಯಿಯ ಮೇಲಿನ ಒತ್ತಡ ಗಾಳಿಯ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಇದು ಎರಡು ಪಟ್ಟಿನ ವ್ಯತ್ಯಾಸವಲ್ಲ, ನಾಲ್ಕು ಪಟ್ಟು. ಹಾಗಾಗಿ ಮಂದ ಗಾಳಿಯ ದಿನ ಗಾಳಿಗೆ ಎದುರಾಗಿ ಓರೆಓರೆಯಾಗಿ ಸಾಗಬೇಕಾದವನಿಗೆ ಅದೇ ದಿಕ್ಕಿಗೆ ಹರಿಯುವ ನೀರು ಸಿಕ್ಕಿದರೆ ಹಬ್ಬ: ನೀರು ತಾನೇ ಎತ್ತಿಕೊಂಡು ಹೋಗುತ್ತದೆ, ಮೇಲಿಂದ ಹಾಯಿಗೆ ಹೆಚ್ಚು ಗಾಳಿಯನ್ನೂ ಒದಗಿಸುತ್ತದೆ. ಪಡುಗಾಳಿ ಇರುವಾಗ ಬಂದರು ಬಿಟ್ಟು ಕಡಲಿಗೆ ಇಳಿಯಬೇಕಾದವರು ಇಳಿತ ಶುರುವಾಗಲೆಂದು ಕಾಯುತ್ತಿದ್ದುದರ ಹಿಂದೆ ಈ ಲೆಕ್ಕವಿದೆ. ಜೋರುಗಾಳಿಯ ದಿನ ಮಾತ್ರ ಇದೇ ಉಪಕಾರ ಉಪದ್ರವವಾಗುತ್ತದೆ. ಅದನ್ನು ಕೊನೆಗೆ ಹೇಳುತ್ತೇನೆ.

ಹರಿವನ್ನು ಗಣನೆಗೆ ತೆಗೆದುಕೊಳ್ಳದವರ ಕಥೆ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಬರೆದಿಟ್ಟಿದ್ದಾನೆ. ಅಂಚೆ ಇಲಾಖೆ ನೋಡಿಕೊಳ್ಳುತ್ತಿದ್ದ ಅವನಿಗೆ ಒಂದು ದೂರು ಬಂತು. ಇಂಗ್ಲೆಂಡಿನ ಫಾಲ್ಮತ್‌ನಿಂದ ನ್ಯೂಯಾರ್ಕಿಗೆ ಬರುವ ಅಂಚೆ ಹಡಗುಗಳು ಮಾಮೂಲಿ ವ್ಯಾಪಾರಿ ಹಡಗುಗಳಿಗಿಂತ ಎಷ್ಟೋ ದಿನ ತಡವಾಗಿ ಬರುತ್ತಿದ್ದವು. ನಾಂಟಕೆಟ್ ದ್ವೀಪದ ನಾವಿಕ, ನೆಂಟ ತಿಮೊಥಿ ಫೋಲ್ಜರನನ್ನು ಕೇಳಿದಾಗ ಗುಟ್ಟು ಹೊರಬಿತ್ತು. ತಿಮಿಂಗಿಲ ಬೇಟೆಗಾರರಿಗೆ ಗಲ್ಫ್ ಸ್ಟ್ರೀಮ್ ಎಲ್ಲಿ ಹರಿಯುತ್ತದೆಂದು ಅಂಗೈ ಗೆರೆಯಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಅಂಚೆ ಹಡಗಿನ ಕಪ್ತಾನರು ಅದರ ನಡುವೆಯೇ ಎದುರೀಜು ಹೊಡೆಯುತ್ತಿದ್ದರು. ಗಾಳಿ ಮಂದವಾದರೆ ಹಾಯಿ ಮುಂದೊಯ್ದದ್ದಕ್ಕಿಂತ ನೀರು ಹಿಂದೊಯ್ದದ್ದೇ ಹೆಚ್ಚಾಗುತ್ತಿತ್ತು. ಬೇಟೆಗಾರರು ಎಚ್ಚರಿಸಿದರೂ ಮೀನು ಹಿಡಿಯುವವರಿಂದ ನಾವು ಕಲಿಯುವುದೇ ಎಂದು ಕಪ್ತಾನರು ಕಿವಿಗೊಡಲಿಲ್ಲವಂತೆ. 1769ರ ಸುಮಾರಿಗೆ ಫ್ರಾಂಕ್ಲಿನ್ ಆ ಹರಿವಿನ ನಕ್ಷೆಯನ್ನೇ ಅಚ್ಚು ಹಾಕಿಸಿದ. ಅದನ್ನೂ ಅವರು ಲೆಕ್ಕಿಸಲಿಲ್ಲ.

ನಮ್ಮ ಕರಾವಳಿಯ ಹರಿವು ಅಷ್ಟು ರಭಸದ್ದಲ್ಲ, ಆದರೆ ಅದಕ್ಕೆ ಬೇರೆಲ್ಲೂ ಸುಲಭವಾಗಿ ಕಾಣದ ಒಂದು ಗುಣವಿದೆ: ಋತುವಿಗೆ ತಕ್ಕಂತೆ ದಿಕ್ಕು ಬದಲಿಸುತ್ತದೆ. ನೈಋತ್ಯ ಮಳೆಗಾಲದಲ್ಲಿ ಕಾರವಾರದಿಂದ ಮಂಗಳೂರಿನತ್ತ, ತೆಂಕಿಗೆ ಹರಿಯುತ್ತದೆ. ನವೆಂಬರಿನಿಂದ ಜನವರಿಯ ತನಕ ತಿರುಗಿ ಬಡಗಿಗೆ ಹರಿಯುತ್ತದೆ, ಬಂಗಾಳ ಕೊಲ್ಲಿಯ ಕಡಿಮೆ ಉಪ್ಪಿನ ನೀರನ್ನು ಜೊತೆಗೆ ಎಳೆದುಕೊಂಡು. ಅರಬ್ಬಿ ಸಮುದ್ರದ ಆಚೆ ದಂಡೆಯಲ್ಲಿ ಸೊಮಾಲಿಯಾದ ಹರಿವೂ ಹೀಗೇ ತಿರುಗುತ್ತದೆ, ಆದರೆ ಮಳೆಗಾಲದಲ್ಲಿ ಅದರ ಓಟ ಜಗತ್ತಿನ ಅತಿ ವೇಗದ ಹರಿವುಗಳ ಸಾಲಿಗೆ ಸೇರುತ್ತದೆ.

ನಮ್ಮದು ಅರ್ಧ ನಾಟ್ ಇದ್ದರೆ ಏನು ಮಹಾ ಎನ್ನಬೇಡಿ. ಅರ್ಧ ನಾಟ್ ಎಂದರೆ ದಿನಕ್ಕೆ 12 ನಾಟಿಕಲ್ ಮೈಲು, 22 ಕಿಲೋಮೀಟರ್. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟು ಒಯ್ಯುವ ಮಂಜಿಗಳಿಗೆ ಇಂದು ಇಂಜಿನ್ ಇದೆ, ಜಿಪಿಎಸ್ ಇದೆ. ಹಾಯಿಯನ್ನೇ ನಂಬಿದ್ದ ಕಾಲದ ತಂಡೇಲರನ್ನು ನೆನೆಯಿರಿ. ಲಕ್ಷದ್ವೀಪದ ನೆಲ ನೀರಿನಿಂದ ನಾಲ್ಕೈದು ಮೀಟರ್ ಎದ್ದರೆ ಹೆಚ್ಚು. ದೂರದಿಂದ ಮೊದಲು ಕಾಣುವುದು ತೆಂಗಿನ ತಲೆ, ಅದೂ ಹತ್ತು ಹನ್ನೆರಡು ಮೈಲಿನೊಳಗೆ ಬಂದರೆ. ಎರಡು ದಿನದ ಹಾದಿಯಲ್ಲಿ ಅಡ್ಡ ಹರಿವು 24 ಮೈಲು ಪಕ್ಕಕ್ಕೆ ತಳ್ಳಿದರೆ ದ್ವೀಪ ಕಣ್ಣಿಗೆ ಬೀಳದೆಯೇ ದಾಟಿಹೋಗುತ್ತದೆ, ಆಮೇಲೆ ಸಿಗುವುದು ಆಫ್ರಿಕಾ. ಹೊಳೆ ದಾಟಿಸುವ ಅಂಬಿಗ ಎದುರು ದಡದ ಕಟ್ಟೆಗೆ ನೇರ ಹುಟ್ಟು ಹಾಕದೆ ಮೇಲ್ಹೊಳೆಯ ಕಡೆಗೆ ಮೂತಿ ತಿರುಗಿಸಿ ಹೋಗುತ್ತಾನಲ್ಲ, ತಂಡೇಲನೂ ಮಾಡಬೇಕಾದದ್ದು ಅದನ್ನೇ. ಆದರೆ ಅಂಬಿಗನಿಗೆ ಎದುರು ದಡ ಕಾಣುತ್ತಿರುತ್ತದೆ.

ಇನ್ನು ಅಲೆ. ಅದಕ್ಕೆ ಬರುವ ಮುನ್ನ ದೋಣಿ ತಾನೇ ಎಬ್ಬಿಸುವ ಅಲೆಯನ್ನು ನೋಡಬೇಕು, ಓದುಗರ ಮೊದಲ ತಕರಾರಿಗೆ ಅರ್ಧ ಉತ್ತರ ಅಲ್ಲೇ ಇದೆ. ನೀರನ್ನು ಸೀಳುವ ದೋಣಿಯ ಮೂತಿಯಲ್ಲಿ ಒಂದು ಅಲೆ ಏಳುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗುತ್ತ, ಅದರ ಮುಂದಿನ ಏರು ಹಿಂದೆ ಹಿಂದೆ ಸರಿಯುತ್ತದೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮನಾದಾಗ ದೋಣಿ ತಾನೇ ತೋಡಿದ ತಗ್ಗಿನಲ್ಲಿ ಕುಳಿತಿರುತ್ತದೆ. ಅಲ್ಲಿಂದ ಮುಂದೆ ವೇಗ ಬೇಕೆಂದರೆ ತನ್ನದೇ ಅಲೆಯ ಗುಡ್ಡ ಹತ್ತಬೇಕು. ವಿಲಿಯಂ ಫ್ರೂಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1870ರ ದಶಕದಲ್ಲಿ ಟಾರ್ಕಿಯ ತನ್ನ ಮನೆಯ ಬಳಿ ಉದ್ದದ ನೀರಿನ ತೊಟ್ಟಿ ಕಟ್ಟಿಸಿ, ಹಡಗಿನ ಮಾದರಿಗಳನ್ನು ಎಳೆದು ಎಳೆದು ಈ ಲೆಕ್ಕಕ್ಕೆ ಅಡಿಪಾಯ ಹಾಕಿದ. ನಾವಿಕರು ಇಂದಿಗೂ ಬಳಸುವ ಸೂತ್ರ ಸರಳ: ನೀರಿನ ಮಟ್ಟದಲ್ಲಿ ದೋಣಿಯ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ನಾಟ್ ಲೆಕ್ಕದಲ್ಲಿ ವೇಗದ ಮಿತಿ ಸಿಗುತ್ತದೆ. 25 ಅಡಿಗೆ 6.7 ನಾಟ್, 49 ಅಡಿಗೆ 9.4. ತಾರಿಣಿಯ ಒಟ್ಟು ಉದ್ದ 56 ಅಡಿ. ಅಂಥ ಭಾರದ ದೋಣಿಗೆ ಬಿರುಗಾಳಿ ಬೀಸಿದರೂ ಒಂಬತ್ತು ಹತ್ತು ನಾಟ್ ದಾಟಿಸುವುದು ಕಷ್ಟ. ಹೆಚ್ಚಿನ ಗಾಳಿ ದೋಣಿಯನ್ನು ವಾಲಿಸುತ್ತದೆ, ಓಡಿಸುವುದಿಲ್ಲ. ನೀರಿನಿಂದ ಮೇಲೆದ್ದು ಹಾರುವ ಈಗಿನ ಪಂದ್ಯದ ದೋಣಿಗಳ ಮಾತು ಬೇರೆ.

ಮಿತಿ ಒಂಬತ್ತು, ಸರಾಸರಿ ನಾಲ್ಕೂವರೆ. ಉಳಿದರ್ಧವನ್ನು ಗಾಳಿ ಇಲ್ಲದ ದಿನಗಳು, ಎದುರುಗಾಳಿ ಮತ್ತು ಕಡಲ ಅಲೆಗಳು ಹಂಚಿಕೊಳ್ಳುತ್ತವೆ. ಇಲ್ಲಿ ದಡದವರಿಗೂ ದೋಣಿಯವರಿಗೂ ಕಣ್ಣೋಟದಲ್ಲೇ ವ್ಯತ್ಯಾಸವಿದೆ. ದಡದಲ್ಲಿ ನಿಂತ ನಾವು ನೋಡುವುದು ಅಲೆ ಎಷ್ಟು ಎತ್ತರ ಎಂದು. ದೋಣಿಯಲ್ಲಿ ಕುಳಿತವರು ಎಣಿಸುವುದು ಒಂದು ಅಲೆ ದಾಟಿ ಮುಂದಿನದು ಬರಲು ಎಷ್ಟು ಸೆಕೆಂಡು ಎಂದು. ಅಂಟಾರ್ಕ್ಟಿಕದ ಸುತ್ತಲಿನ ಬಿರುಗಾಳಿಯಲ್ಲಿ ಹುಟ್ಟಿ ಸಾವಿರಾರು ಮೈಲು ದಾಟಿ ನಮ್ಮ ಕರಾವಳಿಗೆ ಬರುವ ತೆರೆಗಳ ನಡುವೆ 14 ಸೆಕೆಂಡೋ ಅದಕ್ಕಿಂತ ಹೆಚ್ಚೋ ಅಂತರ ಇರುತ್ತದೆ. ಆಳ ನೀರಿನಲ್ಲಿ 14 ಸೆಕೆಂಡಿನ ಅಲೆಯ ಉದ್ದ 300 ಮೀಟರ್. ಅದು 3 ಮೀಟರ್ ಎತ್ತರವಿದ್ದರೂ ದೋಣಿ ಮೆಲ್ಲಗೆ ಏರುತ್ತದೆ, ಮೆಲ್ಲಗೆ ಇಳಿಯುತ್ತದೆ, ವೇಗದ ಮುಳ್ಳು ಅಲುಗುವುದೂ ಕಡಿಮೆ. ಅದೇ ಬೇಸಿಗೆಯ ಮಧ್ಯಾಹ್ನ ವಾಯವ್ಯದ ಕಡಲಗಾಳಿ ಎಬ್ಬಿಸುವ ಮೂರು ನಾಲ್ಕು ಸೆಕೆಂಡಿನ ಅಲೆಗಳನ್ನು ತೆಗೆದುಕೊಳ್ಳಿ. ಎತ್ತರ ಒಂದೇ ಮೀಟರ್. ಉದ್ದ 14ರಿಂದ 25 ಮೀಟರ್. ಹೆಚ್ಚುಕಡಿಮೆ ದೋಣಿಯಷ್ಟೇ ಉದ್ದ, ತೊಂದರೆ ಇರುವುದೇ ಅಲ್ಲಿ. ಮೂತಿ ಒಂದು ಅಲೆಯನ್ನು ಹತ್ತಿ ಇಳಿಯುವಷ್ಟರಲ್ಲಿ ಮುಂದಿನ ಅಲೆ ಎದೆಗೆ ಗುದ್ದುತ್ತದೆ. ದೋಣಿ ಚೇತರಿಸಿಕೊಂಡು ವೇಗ ಹಿಡಿಯುವ ಮೊದಲೇ ಇನ್ನೊಂದು ಗುದ್ದು.

ಇದರ ಕಾಟ ನೀರಿಗಷ್ಟೇ ಸೀಮಿತವಲ್ಲ, ಹಾಯಿಯ ತನಕ ಹೋಗುತ್ತದೆ. ಮೂತಿ ಐದು ಡಿಗ್ರಿ ಮೇಲೆ, ಐದು ಡಿಗ್ರಿ ಕೆಳಗೆ ಆಡಿದರೆ 20 ಮೀಟರ್ ಎತ್ತರದ ಹಾಯಿಕಂಬದ ತುದಿ ಹಿಂದಕ್ಕೂ ಮುಂದಕ್ಕೂ ಒಟ್ಟು ಮೂರೂವರೆ ಮೀಟರ್ ಬೀಸುತ್ತದೆ. ಈ ಓಲಾಟ ಮೂರು ಸೆಕೆಂಡಿಗೊಮ್ಮೆ ನಡೆದರೆ ತುದಿಯ ವೇಗವೇ 7 ನಾಟ್ ಮುಟ್ಟುತ್ತದೆ. ಅಂದರೆ 12 ನಾಟ್ ಗಾಳಿಯಲ್ಲಿ ಹಾಯಿಯ ತುದಿಗೆ ಒಂದು ಕ್ಷಣ 19 ನಾಟ್, ಮರುಕ್ಷಣ 5 ನಾಟ್. ಒಮ್ಮೆ ಬಿಗಿದು ಒಮ್ಮೆ ಸಡಿಲಗೊಂಡು ಪಟಪಟ ಹೊಡೆದುಕೊಳ್ಳುವ ಹಾಯಿ ಎಳೆಯುವುದಾದರೂ ಹೇಗೆ? ಪಳಗಿದವರು ಆಗ ಗಾಳಿಗೆ ತೀರ ಎದುರಾಗಿ ಹೋಗುವ ಹಟ ಬಿಡುತ್ತಾರೆ. ಚುಕ್ಕಾಣಿಯನ್ನು ಕೆಲವು ಡಿಗ್ರಿ ಸಡಿಲಿಸಿ, ಹಾಯಿಗೆ ಸ್ವಲ್ಪ ಹೊಟ್ಟೆ ಬಿಟ್ಟು, ಭಾರವಾದ ಸಾಮಾನನ್ನೂ ಜನರನ್ನೂ ಎರಡು ತುದಿಗಳಿಂದ ನಡುವಿಗೆ ತಂದು ಕೂರಿಸುತ್ತಾರೆ. ದಾರಿ ಉದ್ದವಾಗುತ್ತದೆ, ತಲುಪುವುದು ಬೇಗವಾಗುತ್ತದೆ.

ಅಲೆ ಬೆನ್ನಿಗೆ ಬಂದರೆ ಆಟ ತಿರುಗುತ್ತದೆ. ಅಲೆ ಓಡುತ್ತದೆಯೇ ಹೊರತು ಅದರೊಳಗಿನ ನೀರು ಅಷ್ಟು ದೂರ ಓಡುವುದಿಲ್ಲ. ಇದ್ದಲ್ಲೇ ವೃತ್ತ ಸುತ್ತುತ್ತದೆ, ನೆತ್ತಿಯಲ್ಲಿ ಮುಂದಕ್ಕೆ, ತಗ್ಗಿನಲ್ಲಿ ಹಿಂದಕ್ಕೆ. 8 ಸೆಕೆಂಡಿನ 3 ಮೀಟರ್ ಅಲೆಯಲ್ಲಿ ಈ ಚಲನೆ 2.3 ನಾಟ್. ನೆತ್ತಿಯ ಮೇಲೆ ಕುಳಿತಷ್ಟು ಹೊತ್ತು ಅದು ಲಾಭ, ಜೊತೆಗೆ ಮುಂದಿನ ಇಳಿಜಾರಿನಲ್ಲಿ ಜಾರುವ ಲಾಭ ಬೇರೆ. ಆದರೆ ಆ ಅಲೆ ಓಡುವುದು 24 ನಾಟಿನಲ್ಲಿ. ಎಂಟು ಒಂಬತ್ತು ನಾಟಿನ ಭಾರದ ದೋಣಿಯನ್ನು ಹಿಂದೆ ಬಿಟ್ಟು ಅದು ಹೊರಟೇಹೋಗುತ್ತದೆ, ದೋಣಿ ಮತ್ತೆ ತಗ್ಗಿಗೆ ಬೀಳುತ್ತದೆ. ಹಾಯಿ ಮಂದಿ ‘ನಾವು 14 ನಾಟ್ ಓಡಿದೆವು’ ಎಂದು ಹೇಳಿಕೊಂಡರೆ ಅದು ಇಂಥ ಇಳಿಜಾರಿನ ಕೆಲವು ಸೆಕೆಂಡುಗಳ ಮಾತು ಎಂದು ತಿಳಿಯಿರಿ. ದಕ್ಷಿಣ ಸಾಗರದಲ್ಲಿ ಈ ಜಾರಾಟವೇ ಅಪಾಯ. ಅಲ್ಲಿ ದೋಣಿಯ ಹಿಂದೆ ಹಗ್ಗಗಳನ್ನು ಇಳಿಬಿಟ್ಟು ಬೇಕೆಂದೇ ವೇಗ ತಗ್ಗಿಸುವವರಿದ್ದಾರೆ. 2018ರ ಸೆಪ್ಟೆಂಬರಿನಲ್ಲಿ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿದ್ದ ಅಭಿಲಾಷ್ ಟೋಮಿಯವರ ‘ತುರಿಯ’ ದೋಣಿ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಮಗುಚಿ, ಹಾಯಿಕಂಬ ಮುರಿದು, ಅವರ ಬೆನ್ನುಮೂಳೆಗೆ ಪೆಟ್ಟಾಯಿತು. ಅದೇ ಮನುಷ್ಯ 2022ರಲ್ಲಿ ಮತ್ತೆ ಹೊರಟು, 2023ರ ಏಪ್ರಿಲಿನಲ್ಲಿ ಎರಡನೆಯವರಾಗಿ ಪಂದ್ಯ ಮುಗಿಸಿದರು.

ಈಗ ಕೊನೆಗೆ ಹೇಳುತ್ತೇನೆಂದ ಉಪದ್ರವ. ಹರಿವನ್ನೂ ಅಲೆಯನ್ನೂ ಇಷ್ಟು ಹೊತ್ತು ಬೇರೆಬೇರೆ ಇಟ್ಟು ನೋಡಿದೆವು. ಕಡಲಿನಲ್ಲಿ ಅವು ಬೇರೆಯಾಗಿ ಇರುವುದಿಲ್ಲ. ಗಾಳಿಯ ದಿಕ್ಕಿಗೇ ನೀರು ಹರಿದರೆ ಅಲೆ ಉದ್ದವಾಗಿ, ತಗ್ಗಾಗಿ, ಸಾಧುವಾಗುತ್ತದೆ. ಎದುರಾಗಿ ಹರಿದರೆ ಅಲೆ ಮೊಟಕಾಗುತ್ತದೆ, ಅದೇ ಶಕ್ತಿ ಕಡಿಮೆ ಜಾಗದಲ್ಲಿ ಒತ್ತರಿಸಿ ಗೋಡೆಯಂತೆ ಕಡಿದಾಗಿ ಏಳುತ್ತದೆ. ಎದುರು ಹರಿವಿನ ವೇಗ ಅಲೆಯ ವೇಗದ ಕಾಲು ಭಾಗ ಮುಟ್ಟಿದರೆ ಅಲೆ ಮುಂದೆ ಹೋಗಲಾರದೆ ಅಲ್ಲೇ ಒಡೆಯುತ್ತದೆ. 4 ಸೆಕೆಂಡಿನ ಅಲೆಗೆ ಈ ಗಡಿ 3 ನಾಟ್. ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿಯ ಅಗುಲ್ಹಾಸ್ ಹರಿವು ನೈಋತ್ಯದತ್ತ ನಾಲ್ಕೈದು ನಾಟ್ ಓಡುವುದುಂಟು. ಅದರಲ್ಲಿ ಸಿಕ್ಕ ಹಾಯಿದೋಣಿಗೆ ದಿನಕ್ಕೆ ನೂರು ಮೈಲು ಪುಕ್ಕಟೆ. ಆದರೆ ನೈಋತ್ಯದಿಂದ ಬಿರುಗಾಳಿ ಬೀಸುವ ಸೂಚನೆ ಕಂಡರೆ ಆ ಪುಕ್ಕಟೆ ಮೈಲುಗಳನ್ನು ಬಿಟ್ಟು, 200 ಮೀಟರ್ ಆಳದ ಗೆರೆಯ ಒಳಗೆ, ದಡದ ಕಡೆಗೆ ಸರಿಯಬೇಕು ಎಂಬುದು ಅಲ್ಲಿನ ನಾವಿಕರ ಕಟ್ಟುನಿಟ್ಟಿನ ನಿಯಮ. 1998ರ ಸಿಡ್ನಿ–ಹೋಬಾರ್ಟ್ ಪಂದ್ಯದಲ್ಲೂ ದಕ್ಷಿಣಕ್ಕೆ ಹರಿಯುವ ಬೆಚ್ಚನೆಯ ನೀರಿಗೆ ಎದುರಾಗಿ ಬಿರುಗಾಳಿ ಬೀಸಿತ್ತು. ಅಲೆಗಳು ಅಷ್ಟು ಕಡಿದಾಗಲು ಅದೂ ಒಂದು ಕಾರಣ. ಹೊರಟ 115 ದೋಣಿಗಳಲ್ಲಿ ಗುರಿ ಮುಟ್ಟಿದ್ದು 44, ಸತ್ತವರು ಆರು ಮಂದಿ.

ಅಷ್ಟು ದೂರ ಹೋಗುವುದೂ ಬೇಡ. ಮಳೆಗಾಲದಲ್ಲಿ ಗಂಗೊಳ್ಳಿ, ಬೆಂಗ್ರೆಯಂಥ ಅಳಿವೆ ಬಾಗಿಲುಗಳಲ್ಲಿ ನಾಡದೋಣಿ ಮಗುಚಿದ ಸುದ್ದಿ ಓದುತ್ತೇವಲ್ಲ, ಅಲ್ಲೂ ನಡೆಯುವುದು ಇದೇ. ನೆರೆ ತುಂಬಿದ ಹೊಳೆ ಇಳಿತದ ಜೊತೆ ಹೊರನುಗ್ಗುತ್ತದೆ, ಎದುರಿನಿಂದ ತೆರೆ ಬರುತ್ತದೆ, ಕೆಳಗೆ ಮರಳಿನ ದಿಬ್ಬ. ಹೊರಗೆ ಕಡಲು ಅಷ್ಟೇನೂ ಒರಟಾಗಿರದಿದ್ದರೂ ಬಾಗಿಲಲ್ಲಿ ಅಲೆ ಒಡೆಯುತ್ತಿರುತ್ತದೆ. ಉಬ್ಬರಕ್ಕೆ ಕಾದು ಒಳಬರುವ ಮೀನುಗಾರರು ಹೆದರಿ ಕಾಯುವುದಲ್ಲ, ಲೆಕ್ಕ ಗೊತ್ತಿದ್ದು ಕಾಯುವುದು.

ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರ ‘ಇನ್‌ಕಾಯಿಸ್’ ದಿನವೂ ಕೊಡುವ ಮುನ್ಸೂಚನೆಯಲ್ಲಿ ಅಲೆಯ ಎತ್ತರ ಮಾತ್ರವಲ್ಲ, ಅಲೆಗಳ ನಡುವಿನ ಸೆಕೆಂಡು, ಹರಿವಿನ ವೇಗ, ದಿಕ್ಕು ಎಲ್ಲವೂ ಸಿಗುತ್ತವೆ. ಹರಿವು ಸೆಕೆಂಡಿಗೆ 50 ಸೆಂಟಿಮೀಟರ್ ಎಂದಿದ್ದರೆ ಅದನ್ನು ಒಂದು ನಾಟ್ ಎಂದು ಓದಿಕೊಳ್ಳಬಹುದು. ನಮ್ಮ ಪತ್ರಿಕೆಗಳಿಗೆ, ಈ ಪತ್ರಿಕೆಯೂ ಸೇರಿದಂತೆ, ಬಂದು ತಲುಪುವುದು ಮಾತ್ರ ‘ಎರಡೂವರೆ ಮೀಟರ್ ಎತ್ತರದ ಅಲೆಗಳು’ ಎಂಬ ಒಂದೇ ಸಾಲು. ಅರ್ಧ ಸುದ್ದಿ ಅದು. ಸುದ್ದಿಮನೆಯ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ: ಎತ್ತರದ ಪಕ್ಕದಲ್ಲಿ ಸೆಕೆಂಡನ್ನೂ ಹರಿವಿನ ದಿಕ್ಕನ್ನೂ ಸೇರಿಸಿ ಅಚ್ಚು ಹಾಕಿ. ಇನ್ನೊಂದು ಸಾಲು ಹೆಚ್ಚಾಗುತ್ತದೆ, ಅಷ್ಟು ಜಾಗ ಬೇಕಾದರೆ ಈ ಅಂಕಣದಿಂದ ಕತ್ತರಿಸಿಕೊಳ್ಳಿ.